ವಿಚಾರಣೆಯ ದಿನದ ತನಕ

ಎಫಿ ಪೆಟ್ರಿ ತನ್ನ ಎಪ್ಪತ್ತಾರನೆಯ ವಯಸ್ಸಿನಲ್ಲಿ ಸಿಗರೇಟು ಬಿಟ್ಟಳು. ಡಾಕ್ಟರು ಇಪ್ಪತ್ತು ವರ್ಷ ಬಾಯಿ ಬಡಿದುಕೊಂಡಿದ್ದರು, ಕೇಳಿರಲಿಲ್ಲ. ಗಂಡ ಅದೇ ಚಟದಿಂದ ಸತ್ತಾಗಲೂ, ಮಣ್ಣು ಮಾಡಿ ಬಂದವಳು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಒಂದು ಹಚ್ಚಿದ್ದಳು. ಆದರೆ ಡಂಡಿ ನಗರದಿಂದ ವಕೀಲೆ ಫೋನು ಮಾಡಿ, ವಿಚಾರಣೆಯ ದಿನ ಎಫಿ ಬದುಕಿರುವುದು ಬಹಳ ಮುಖ್ಯ ಎಂಬುದನ್ನು ಆದಷ್ಟು ನಯವಾಗಿ ತಿಳಿಸಿದ ಸಂಜೆ, ಅವಳು ಸ್ವೆಟರಿನ ಜೇಬಿನಿಂದ ಪ್ಯಾಕೆಟ್ಟು ತೆಗೆದು ಮಗಳ ಮುಂದಿಟ್ಟಳು.

"ತಗೊಂಡೋಗಿ ಬಿಸಾಕು," ಅಂದಳು. "ಫೆಬ್ರವರಿ ಹನ್ನೊಂದು ತಾನೆ? ಅಲ್ಲೀವರೆಗೆ ಸಾಯಲ್ಲ. ಆಮೇಲಿಂದು ಆಮೇಲೆ ನೋಡ್ಕೊಂಡ್ರಾಯ್ತು."

ಮಗಳು ಐಲೀನ್ ನಗಲಿಲ್ಲ. ಅವಳಿಗೆ ನಲವತ್ತಮೂರು. ಬ್ಲೇರ್‌ಗೌರಿಯ ಶಾಲೆಯ ಅಡುಗೆಮನೆಯಲ್ಲಿ ಅರ್ಧ ದಿನದ ಕೆಲಸ. ಉಳಿದರ್ಧ ಈ ತಾಯಿಯದು. ಎಫಿಯ ಶ್ವಾಸಕೋಶ ಹಾಳಾಗಿ ಆರು ವರ್ಷವಾಗಿತ್ತು. ಮೂಗಿಗೆ ನಳಿಗೆ, ಹಾಸಿಗೆಯ ಪಕ್ಕ ಗುರ್ರೆನ್ನುವ ಆಮ್ಲಜನಕದ ಯಂತ್ರ. ಸ್ನಾನ ಮಾಡಿಸಬೇಕು, ಬಟ್ಟೆ ತೊಡಿಸಬೇಕು, ಮಧ್ಯಾಹ್ನ ಓಡಿ ಬಂದು ಸೂಪು ಕಾಯಿಸಿ ಕೊಡಬೇಕು. ಇಷ್ಟರ ನಡುವೆ ಐಲೀನ್ ಮದುವೆಯಾದದ್ದೇ ಊರಿಗೊಂದು ಸೋಜಿಗ.

ಬ್ಲೇರ್‌ಗೌರಿ ರಾಸ್ಪ್‌ಬೆರಿ ಹಣ್ಣಿನ ಊರು. ಎಫಿಯ ಕಾಲದಲ್ಲಿ ಊರ ಹೆಂಗಸರು ಮಕ್ಕಳೇ ಸೊಂಟಕ್ಕೆ ಬಕೆಟ್ಟು ಕಟ್ಟಿಕೊಂಡು ಹಣ್ಣು ಬಿಡಿಸುತ್ತಿದ್ದರು. ಈಗ ಆರು ತಿಂಗಳ ವೀಸಾ ಹಿಡಿದು ದೂರದೇಶದವರು ಬರುತ್ತಾರೆ, ತೋಟದಂಚಿನ ತಗಡಿನ ಗೂಡುಗಳಲ್ಲಿ ಇರುತ್ತಾರೆ, ಚಳಿ ಶುರುವಾಗುವಾಗ ಹೋಗುತ್ತಾರೆ. ಐಲೀನ್ ಶನಿವಾರಗಳಲ್ಲಿ ಹಣ್ಣು ತೂಗಿ ತುಂಬುವ ಶೆಡ್ಡಿಗೆ ಹೋಗುತ್ತಿದ್ದಳು. ಅಲ್ಲಿ ಗೋಡೆಗೆ ಅಂಟಿಸಿದ ನೋಟೀಸಿನಲ್ಲಿ ಮೇಸ್ತ್ರಿ ಬರೆದಿದ್ದ ಮೂರು ತಪ್ಪು ಕಾಗುಣಿತವನ್ನು ಒಬ್ಬ ಎತ್ತರದ ಮನುಷ್ಯ ಪೆನ್ನಿನಿಂದ ತಿದ್ದುತ್ತಿರುವುದನ್ನು ಕಂಡಳು. ಅವನು ಕುಬಾತ್. ಕಿರ್ಗಿಸ್ತಾನದ ದೊಡ್ಡ ಸರೋವರದ ದಂಡೆಯ ಹಳ್ಳಿಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಹೆಂಡತಿ ಸತ್ತು ಎಂಟು ವರ್ಷ. ಮಾಸ್ತರಿಕೆಯಲ್ಲಿ ಹೊಟ್ಟೆ ತುಂಬದೆ ಹಣ್ಣು ಬಿಡಿಸಲು ಬಂದಿದ್ದ.

"ನಮ್ಮ ಭಾಷೆ ನಮಗೇ ತಿದ್ದೋಕೆ ಬಂದಿದಾನಾ?" ಅಂದಿದ್ದಳು ಎಫಿ. "ಕರ್ಕೊಂಡು ಬಾ, ಆ ಪಂಡಿತನ್ನ ನೋಡೋಣ."

ಭಾನುವಾರ ಬಂದ. ಬಾಗಿಲಲ್ಲೇ ಬೂಟು ಕಳಚಿ, ತೂತಾದ ಕಾಲುಚೀಲವನ್ನು ಮರೆಮಾಡಲು ಒಂದರ ಮೇಲೊಂದು ಪಾದ ಇಟ್ಟುಕೊಂಡು ನಿಂತ. ಎಫಿಯನ್ನು ತಮ್ಮ ಭಾಷೆಯಲ್ಲಿ "ಆಪಾ" ಎಂದು ಕರೆದ, ತಾಯಿ ಎಂದರ್ಥವಂತೆ. ಮುಂದಿನ ಭಾನುವಾರ ಹಿಟ್ಟು ನಾದಿ, ಸಣ್ಣ ಸಣ್ಣ ಉಂಡೆಗಳನ್ನು ಎಣ್ಣೆಯಲ್ಲಿ ಕರಿದು ಬಡಿಸಿದ. ಎಫಿ ಏಳು ತಿಂದಳು. "ಹುಡುಗಿ, ಇವನ್ನ ಬಿಡಬೇಡ," ಅಂದಳು, ಅವನ ಎದುರಿಗೇ. ಕುಬಾತನ ಕಿವಿ ಕೆಂಪಾಯಿತು. ಐಲೀನ್ ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಬದುಕಿದವಳು. ಆ ಬೇಸಿಗೆ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುತ್ತಾ ತನ್ನಷ್ಟಕ್ಕೆ ಗುನುಗುತ್ತಿದ್ದಳೆಂದು ಜತೆಯವರು ಇವತ್ತಿಗೂ ಹೇಳುತ್ತಾರೆ.

ಅಕ್ಟೋಬರಿನಲ್ಲಿ ಅವನು ಹೋದ. ಮರುವರ್ಷ ಈಸ್ಟರ್ ರಜೆಯಲ್ಲಿ, ಡಂಕೆಲ್ಡಿನ ಚಿಕ್ಕಮ್ಮನನ್ನು ತಾಯಿಯ ಬಳಿ ಬಿಟ್ಟು, ಐಲೀನ್ ಅವನ ಹಳ್ಳಿಗೆ ಹೋಗಿ ಮದುವೆಯಾಗಿ ಹನ್ನೆರಡು ದಿನ ಇದ್ದು ಬಂದಳು. ಬಂದವಳೇ ಗಂಡನಿಗೆ ವೀಸಾ ಅರ್ಜಿ ಹಾಕಿಸಿದಳು. ಆಗಸ್ಟಿನಲ್ಲಿ ಉತ್ತರ ಬಂತು. ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳುವವರು ವರ್ಷಕ್ಕೆ ಇಪ್ಪತ್ತೊಂಬತ್ತು ಸಾವಿರ ಪೌಂಡು ದುಡಿಯುತ್ತಿರಬೇಕು. ಐಲೀನಳ ದುಡಿಮೆ ಅದರ ಅರ್ಧಕ್ಕಿಂತ ತುಸು ಮೇಲೆ. ಆದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ. ದಂಪತಿ ಒಟ್ಟಿಗೆ ಬಾಳಲು ಬಯಸಿದರೆ ಗಂಡನ ದೇಶದಲ್ಲಿ ಬಾಳಲು ಅಡ್ಡಿ ಕಾಣುವುದಿಲ್ಲ.

"ಅಡ್ಡಿ ನಾನು," ಅಂದಳು ಎಫಿ, ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿ. "ನನ್ನ ಹೆಸರೇ ಬರೆದಿಲ್ವಲ್ಲ."

ಮೇಲ್ಮನವಿ ಹಾಕಲು ಡಂಡಿಯ ವಕೀಲೆ ಶೀನಾ ಗಿಲ್‌ಮೋರಳನ್ನು ಹಿಡಿದರು. ಶೀನಾ ಕಾಗದಗಳನ್ನೆಲ್ಲ ಮಗುಚಿ ನೋಡಿ, ತಾಯಿಯ ವಿಷಯ ಕೇಳಿದಳು.

"ಅಮ್ಮನ್ನ ನೋಡ್ಕೊಳ್ಳೋದಕ್ಕೆ ಸರ್ಕಾರದ ಆರೈಕೆ ಭತ್ಯೆ ತಗೋತಾ ಇದೀರಾ?"

"ಕೇಳಿದ್ದೆ. ಶನಿವಾರದ ಕೆಲಸಾನೂ ಸೇರಿಸಿದ್ರೆ ನಾನು ಅದಕ್ಕೆ ಜಾಸ್ತಿ ದುಡಿಯೋಳಂತೆ. ಕೊಡಲ್ಲ ಅಂದ್ರು."

"ಆ ಭತ್ಯೆ ಇರೋರಿಗೆ ಇಪ್ಪತ್ತೊಂಬತ್ತು ಸಾವಿರದ ನಿಯಮ ಇಲ್ಲ ಐಲೀನ್. ಇರೋದ್ರಲ್ಲಿ ಸಂಸಾರ ನಡೆಯುತ್ತೆ ಅಂತ ತೋರಿಸಿದ್ರೆ ಸಾಕು."

ಐಲೀನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ ನಾನು ಇನ್ನೂ ಕಡಿಮೆ ದುಡಿದ್ರೆ ಗಂಡ ಬರಬಹುದು?"

"ವಿಚಾರಣೆ ದಿನ ಹೇಗಿದೆ ಅನ್ನೋದನ್ನ ಜಡ್ಜು ನೋಡ್ತಾರೆ. ಆವತ್ತು ಭತ್ಯೆ ಬರ್ತಿರಬೇಕು. ಅಂದ್ರೆ ಅಮ್ಮ..." ಶೀನಾ ಮಾತು ಅಲ್ಲಿಗೆ ಬಿಟ್ಟಿದ್ದಳು. ಉಳಿದದ್ದನ್ನು ತಾರೀಕು ಗೊತ್ತಾದ ಮೇಲೆ ಫೋನಿನಲ್ಲಿ ಹೇಳಿದಳು. ಎಫಿ ಸಿಗರೇಟು ಬಿಟ್ಟದ್ದು ಆವತ್ತೇ.

ಐಲೀನ್ ಶನಿವಾರದ ಕೆಲಸ ಬಿಟ್ಟಳು, ಶಾಲೆಯಲ್ಲೂ ಗಂಟೆ ಕಡಿಮೆ ಮಾಡಿಸಿಕೊಂಡಳು. ಡಿಸೆಂಬರಿನಿಂದ ಭತ್ಯೆ ಬರತೊಡಗಿತು. ಕೈ ಬಿಗಿಯಾಗಿ, ಮನೆಯಲ್ಲಿ ಒಂದೇ ಕೋಣೆಗೆ ಶಾಖ ಇಟ್ಟುಕೊಂಡು ತಾಯಿ ಮಗಳಿಬ್ಬರೂ ಅಲ್ಲೇ ಮಲಗಿದರು. "ನನ್ನ ಕೆಮ್ಮಿಗೂ ಸಂಬಳ ಬಂತು ನೋಡು," ಅಂದಳು ಎಫಿ. ಅವಳಿಗೆ ಈಗ ಒಂದು ಕೆಲಸ ಸಿಕ್ಕಿತ್ತು: ಬದುಕಿರುವ ಕೆಲಸ. ಮುಖ ಸಿಂಡರಿಸಿಕೊಂಡು ಬೆಳಿಗ್ಗೆ ಓಟ್ಸ್ ಗಂಜಿ ಕುಡಿದಳು. ಬೇಡವೆಂದು ಹಟ ಹಿಡಿಯುತ್ತಿದ್ದ ಸೂಜಿ ತೋಳು ಚಾಚಿ ಹಾಕಿಸಿಕೊಂಡಳು. ನೆಗಡಿಯಾದವರನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಮನೆಗೆ ಬರುವ ನರ್ಸಮ್ಮ, "ಏನು ಎಫಿ, ಯಾರ ಮೇಲಾದರೂ ಮನಸ್ಸಾಗಿದೆಯಾ?" ಎಂದು ತಮಾಷೆ ಮಾಡಿದರೆ, "ಹೂಂ, ಅಳಿಯನ ಮೇಲೆ," ಎನ್ನುತ್ತಿದ್ದಳು.

ಭಾನುವಾರ ಕುಬಾತ್ ಫೋನಿನ ಪರದೆಯಲ್ಲಿ ಕಾಣಿಸಿಕೊಳ್ಳುತ್ತಿದ್ದ. ಅವನದು ಪುಸ್ತಕದಿಂದ ಎತ್ತಿಟ್ಟ ಮಾತು.

"ಆಪಾ, ತಮ್ಮ ಆರೋಗ್ಯ ಹೇಗಿದೆ?"

"ಸಾಯ್ತಾ ಇಲ್ಲಪ್ಪ, ಪುರುಸೊತ್ತಿಲ್ಲ. ನಿನ್ನ ಕುರಿಗಳು ಹೇಗಿವೆ?"

"ಅವೂ ತಮ್ಮನ್ನು ಕೇಳುತ್ತವೆ."

ಫೆಬ್ರವರಿ ಹನ್ನೊಂದಕ್ಕೆ ಐಲೀನ್ ನಸುಕಿನ ಬಸ್ಸು ಹತ್ತಿ ಗ್ಲ್ಯಾಸ್ಗೋಗೆ ಹೋದಳು. ಅಪ್ಪನ ಅಂತ್ಯಕ್ರಿಯೆಗೆ ಹೊಲಿಸಿದ್ದ ಕಪ್ಪು ಕೋಟು, ಕೈಯಲ್ಲಿ ಕಾಗದಗಳ ಚೀಲ. ಶೀನಾಳ ಪಕ್ಕ ಎರಡು ಗಂಟೆ ಕಾದಳು. ಕೊನೆಗೆ ಗುಮಾಸ್ತೆ ಬಂದು, ಜಡ್ಜರಿಗೆ ಬೆಳಿಗ್ಗೆಯಿಂದ ಜ್ವರ, ಇವತ್ತಿನ ಪ್ರಕರಣಗಳೆಲ್ಲ ಮುಂದಕ್ಕೆ ಹೋಗಿವೆ ಎಂದಳು. ಯಾರ ತಪ್ಪೂ ಅಲ್ಲ. ಹೊಸ ತಾರೀಕು ಜೂನ್ ಇಪ್ಪತ್ನಾಲ್ಕು.

ಮಗಳು ಮನೆಗೆ ಬರುವಾಗ ಎಫಿ ತಲೆ ಬಾಚಿಸಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ಐಲೀನ್ ಕೋಟು ಬಿಚ್ಚದೆ ವಿಷಯ ಹೇಳಿದಳು. ಎಫಿ ಬೆರಳು ಮಡಿಸಿ ಎಣಿಸಿದಳು.

"ನಾಲ್ಕು ತಿಂಗಳಾ?"

"ನಾಲ್ಕೂವರೆ."

"ಅಷ್ಟು ನಾನು ಇಟ್ಕೊಂಡಿರ್ಲಿಲ್ಲ ಕಣೆ," ಅಂದಳು ಎಫಿ ಮೆಲ್ಲಗೆ, ತನ್ನ ಬಳಿ ಇದ್ದದ್ದೇ ಕಡಿಮೆಯಾಯಿತು ಎಂದು ಕ್ಷಮೆ ಕೇಳುವವಳ ಹಾಗೆ.

ಆ ವಾರ ಎಫಿ ಒಂದು ಮಧ್ಯಾಹ್ನ ಸೂಪಿನ ಬಟ್ಟಲು ಪಕ್ಕಕ್ಕಿಟ್ಟು, "ಐದು ವರ್ಷದ ಹಿಂದೇನೇ ನನ್ನನ್ನ ಯಾವುದಾದ್ರೂ ವೃದ್ಧಾಶ್ರಮಕ್ಕೆ ಹಾಕಿದ್ದಿದ್ರೆ ನೀನು ಪೂರ್ತಿ ದಿನ ದುಡೀತಿದ್ದೆ. ಅವನು ಇಷ್ಟೊತ್ತಿಗೆ ಇಲ್ಲಿ ಇರ್ತಿದ್ದ," ಅಂದಳು.

"ನಿನ್ನನ್ನ ಹಾಕಿದ್ರೆ ಎರಡು ದಿನದಲ್ಲಿ ವಾಪಸ್ ತಂದು ಬಿಟ್ಟಿರೋರು."

"ತಮಾಷೆ ಬೇಡ."

"ತಮಾಷೆ ಅಲ್ಲಮ್ಮ. ನಾನು ನಿನ್ನನ್ನ ಹಾಕ್ತಿರ್ಲಿಲ್ಲ. ಆ ಮಾತು ಬಿಡು, ಸೂಪು ಆರ್ತಿದೆ."

ಎಫಿ ಬಟ್ಟಲು ಎತ್ತಿಕೊಂಡಳು. ಪೂರ್ತಿ ಕುಡಿದಳು, ತಳ ಕೆರೆದು.

ಮಾರ್ಚಿನ ಮೊದಲ ವಾರ ಎದೆಗೆ ಸೋಂಕಾಯಿತು. ಪರ್ತ್‌ನ ಆಸ್ಪತ್ರೆಗೆ ಸೇರಿಸಿದರು. ನಾಲ್ಕನೆಯ ದಿನ ಹೊರಗೆ ಒಳ್ಳೆ ಬಿಸಿಲು. ವಾರ್ಡಿನ ನೆಲದ ಮೇಲೆ ಕಿಟಕಿಯ ಚೌಕಗಳು ಬಿದ್ದಿದ್ದವು. ಎಫಿ ಮುಖದ ಮೇಲಿನ ಮಾಸ್ಕನ್ನು ಬೆರಳಿನಿಂದ ಎತ್ತಿ, "ತಾರೀಕು ಎಷ್ಟು?" ಎಂದಳು.

ಐಲೀನ್ ಆವತ್ತಿನವರೆಗೆ ತಾಯಿಗೆ ಸುಳ್ಳು ಹೇಳಿದವಳಲ್ಲ. "ಇಪ್ಪತ್ನಾಲ್ಕಮ್ಮ. ಜೂನ್. ಮುಗೀತು. ಗೆದ್ವಿ. ಕುಬಾತ್ ಬರ್ತಿದಾನೆ, ಟಿಕೆಟ್ಟೂ ಆಗಿದೆ."

ಎಫಿ ಬಹಳ ಹೊತ್ತು ಅವಳ ಮುಖ ನೋಡಿದಳು. "ನಿಂಗೆ ಸುಳ್ಳು ಹೇಳೋಕೆ ಬರಲ್ಲ," ಅಂದಳು. ಉಸಿರು ಎಳೆದುಕೊಂಡು, "ಆದ್ರೂ ಇನ್ನೊಂದ್ಸಲ ಹೇಳು," ಅಂದಳು.

ಐಲೀನ್ ಇನ್ನೊಂದು ಸಲ ಹೇಳಿದಳು. ವಿಮಾನ ಎಡಿನ್‌ಬರೊಗೆ ಎಷ್ಟು ಗಂಟೆಗೆ ಬರುತ್ತದೆ, ಅವನು ಯಾವ ಕೋಟು ಹಾಕಿಕೊಂಡಿದ್ದಾನೆ, ಬಂದ ದಿನ ಏನು ಅಡುಗೆ ಮಾಡುವುದು, ಎಲ್ಲವನ್ನೂ ಹೇಳಿದಳು. ಮೂರು ಗಂಟೆಯ ಹೊತ್ತಿಗೆ ಅದನ್ನು ಕೇಳಲು ಎಫಿ ಇರಲಿಲ್ಲ, ಐಲೀನ್ ಹೇಳುತ್ತಲೇ ಇದ್ದಳು. ನರ್ಸು ಬಂದು ಭುಜ ಮುಟ್ಟಿದಾಗ ಮಾತು ನಿಲ್ಲಿಸಿದಳು.

ಕುಬಾತ್ ಬರುವ ಹಾಗಿರಲಿಲ್ಲ. ಮಣ್ಣು ಮಾಡುವ ಹೊತ್ತಿಗೆ ಸರಿಯಾಗಿ ತನ್ನ ಹಳ್ಳಿಯ ಹಿರಿಯರನ್ನು ಕೂರಿಸಿ ಪ್ರಾರ್ಥನೆ ಮಾಡಿಸಿದ, ಒಂದು ಕುರಿ ಕೊಯ್ದು ನೆರೆಯವರಿಗೆ ಉಣಬಡಿಸಿದ. "ಅವರ ಹೆಸರನ್ನು ಇಲ್ಲಿಯವರು ಎಫಿಯಾ ಎಂದರು. ನಾನು ತಿದ್ದಲಿಲ್ಲ," ಎಂದು ಫೋನಿನಲ್ಲಿ ಹೇಳಿ ಅತ್ತ.

ಆರೈಕೆ ಮಾಡಿಸಿಕೊಂಡವರು ಸತ್ತ ಮೇಲೂ ಆ ಭತ್ಯೆ ಹನ್ನೆರಡು ವಾರ ಬರುತ್ತದೆ. ವಿಚಾರಣೆಗೆ ಹದಿನೈದು ವಾರ ಇತ್ತು. ಶೀನಾ ತಾರೀಕು ಹಿಂದಕ್ಕೆ ತರಲು ಎರಡು ಸಲ ಬರೆದಳು; ಸರದಿ ಇದೆ ಎಂದು ಎರಡು ಸಲ ಉತ್ತರ ಬಂತು. ಜೂನ್ ಮೊದಲ ವಾರ ಭತ್ಯೆ ನಿಂತಿತು. ಐಲೀನ್ ಪೂರ್ತಿ ದಿನದ ಕೆಲಸ ಕೇಳಿದಳು. ಬೇಸಿಗೆ ರಜೆ ಕಳೆದ ಮೇಲೆ ಕೊಡುವುದಾಗಿ ಶಾಲೆಯವರು ಒಪ್ಪಿದರು.

ಈ ಸಲದ ಜಡ್ಜು ಬಿಳಿಗೂದಲಿನ ಹೆಂಗಸು, ಮೃದು ಮಾತಿನವಳು. ಎದುರು ಕಡೆಯ ಅಧಿಕಾರಿಯೂ ಒರಟನಲ್ಲ. ಪ್ರಶ್ನೆ ಶುರು ಮಾಡುವ ಮೊದಲು, "ನಿಮ್ಮ ತಾಯಿಯವರ ವಿಷಯ ತಿಳಿದು ಬೇಜಾರಾಯ್ತು ಮೇಡಂ," ಎಂದ. ಐಲೀನ್ ತಲೆಯಾಡಿಸಿದಳು.

"ಈಗ ಮನೇಲಿ ಯಾರಿದಾರೆ?"

"ನಾನೊಬ್ಬಳೇ."

"ನಿಮ್ಮನ್ನ ನಂಬ್ಕೊಂಡಿರೋರು, ಮಕ್ಕಳು, ಬೇರೆ ಯಾರಾದ್ರೂ?"

"ಇಲ್ಲ."

"ನಿಮ್ಮ ಆರೋಗ್ಯ ಚೆನ್ನಾಗಿದೆ. ಅಲ್ಲಿಗೆ ಒಂದು ಸಲ ಹೋಗಿ ಬಂದಿದೀರಿ. ಗಂಡನಿಗೆ ಸ್ವಂತ ಮನೆ ಇದೆ, ಅವರ ಮನೆಯವರು ನಿಮ್ಮನ್ನ ಚೆನ್ನಾಗಿ ನೋಡ್ಕೊಂಡ್ರು ಅಂತ ನೀವೇ ಬರೆದಿದೀರಿ. ಅಲ್ಲಿ ಹೋಗಿ ಇರೋಕೆ ಈಗ ನಿಮಗೆ ಏನು ಅಡ್ಡಿ?"

ಶೀನಾ ಉತ್ತರ ಕಲಿಸಿದ್ದಳು. ಭಾಷೆ ಬರುವುದಿಲ್ಲ, ಕೆಲಸ ಸಿಗುವುದಿಲ್ಲ, ಹುಟ್ಟಿದ ಊರು. ಐಲೀನ್ ಬಾಯಿ ತೆರೆದಳು. ಅವಳಿಗೆ ನೆನಪಾದದ್ದು ತಳ ಕೆರೆದು ಕುಡಿದ ಬಟ್ಟಲು.

"ಹೋದ ವರ್ಷ ಕೇಳಿದ್ದಿದ್ರೆ ಉತ್ತರ ಇತ್ತು," ಅಂದಳು.

ಜಡ್ಜು ಕನ್ನಡಕ ತೆಗೆದು ಒರೆಸಿಕೊಂಡು, "ನೀರು ಬೇಕಾ?" ಎಂದು ಕೇಳಿದಳು.

ತೀರ್ಪು ಆಗಸ್ಟಿನಲ್ಲಿ ಬಂತು. ಹನ್ನೊಂದು ಪುಟ. ಐಲೀನಳ ಪ್ರಾಮಾಣಿಕತೆಯನ್ನು ಮೆಚ್ಚಿ ಬರೆದಿತ್ತು. ಮದುವೆ ನಿಜವಾದದ್ದೆಂದು ಒಪ್ಪಿತ್ತು. ತಾಯಿ ಬದುಕಿದ್ದಿದ್ದರೆ ನಿರ್ಧಾರ ಬೇರೆಯಾಗುತ್ತಿತ್ತು ಎಂದೂ ಬರೆದಿತ್ತು. ಆದರೆ ದಂಪತಿ ಗಂಡನ ದೇಶದಲ್ಲಿ ಬಾಳಲು ಈಗ ದಾಟಲಾರದ ಅಡ್ಡಿ ಯಾವುದೂ ಉಳಿದಿಲ್ಲವಾದ್ದರಿಂದ ಮೇಲ್ಮನವಿಯನ್ನು ವಜಾ ಮಾಡಿತ್ತು.

ಐಲೀನ್ ಆ ಕಾಗದ ಹಿಡಿದು ಎಫಿಯ ಖಾಲಿ ಹಾಸಿಗೆಯ ಮೇಲೆ ಕೂತಳು. ಅತ್ತದ್ದೂ ಆಯಿತು. ಅತ್ತು ಮುಗಿದ ಮೇಲೆ ಮನಸ್ಸಿಗೆ ಒಂದು ಬಗೆಯ ಹಗುರ ಬಂತು. ಸರಿ, ಹೋಗಿಬಿಡೋಣ. ಈ ಮನೆಯಲ್ಲಿ ಇನ್ನೇನಿದೆ? ಭಾನುವಾರದ ತನಕ ಕಾಯದೆ ಆಗಲೇ ಫೋನು ಮಾಡಿದಳು.

"ಕುಬಾತ್, ಸೋತ್ವಿ. ಪರವಾಗಿಲ್ಲ. ನಾನೇ ಬಂದ್ಬಿಡ್ತೀನಿ. ಮನೆ ಖಾಲಿ ಮಾಡ್ತೀನಿ. ನಿನ್ನ ಜತೆ ಕುರಿ ಕಾಯ್ತೀನಿ."

ಪರದೆಯಲ್ಲಿ ಅವನ ಮುಖ ಅಲುಗಲಿಲ್ಲ. ಹಿಂದೆ ಕಂದು ಬಣ್ಣದ ಗೋಡೆ. ಮೂರ್ನಾಲ್ಕು ತಿಂಗಳಿಂದ ಅದೇ ಗೋಡೆ. ಮನೆಗೆ ಹೊಸ ಬಣ್ಣ ಹೊಡೆಸಿದ್ದಾನೆ ಎಂದುಕೊಂಡಿದ್ದಳು.

"ಐಲೀನ್, ನಾನು ಹಳ್ಳಿಯಲ್ಲಿ ಇಲ್ಲ."

"ಮತ್ತೆ ಎಲ್ಲಿದೀಯ?"

"ನೊವೊಸಿಬಿರ್ಸ್ಕ್. ರಷ್ಯಾದಲ್ಲಿ. ಏಪ್ರಿಲ್‌ನಿಂದ. ಕಟ್ಟಡದ ಕೆಲಸ. ಒಂದು ಕೋಣೆಯಲ್ಲಿ ಒಂಬತ್ತು ಜನ. ಕುರಿಗಳನ್ನು ಮಾರಿದೆ."

"ಯಾಕೆ ಹೇಳಲಿಲ್ಲ?"

"ನನಗೆ ಸ್ವಂತ ಮನೆ ಇದೆ, ಮೇಷ್ಟ್ರು ಕೆಲಸ ಇದೆ ಎಂದು ನೀನು ಕಾಗದದಲ್ಲಿ ಬರೆದಿದ್ದೆ. ನಾನು ಹೇಳಿದರೆ ನೀನು ಅದನ್ನು ಅವರಿಗೂ ಹೇಳುತ್ತಿದ್ದೆ, ಬರೆದದ್ದೆಲ್ಲ ಸುಳ್ಳೆನ್ನಿಸಿ ಪ್ರಕರಣ ಕೆಡುತ್ತದೆ ಎಂದು ಹೆದರಿದೆ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ." ಅವನು ಕೈಯಿಂದ ಮುಖ ಉಜ್ಜಿಕೊಂಡ. "ಶಾಲೆಯಲ್ಲಿ ಮಕ್ಕಳೇ ಇಲ್ಲ. ಎಲ್ಲರ ಅಪ್ಪಂದಿರೂ ಇಲ್ಲಿದ್ದಾರೆ. ಆ ಮನೆಗೆ ನೀನು ಬಂದರೆ, ನಾನಿಲ್ಲದೆ ನನ್ನ ಅಣ್ಣನ ಸಂಸಾರದ ಜತೆ ಇರುತ್ತೀಯ. ನಿಮ್ಮ ಜಡ್ಜು ಹೇಳಿದ ದೇಶದಲ್ಲಿ ನಾನೂ ಬಾಳಲಾರೆ."

ಐಲೀನ್‌ಗೆ ಸಿಟ್ಟು ಬಂತು, ಇಳಿಯಿತು. ಬೇರೊಂದು ದಾರಿಯನ್ನು ಅವಳು ಬಾಯಿಪಾಠದಂತೆ ಒಪ್ಪಿಸಿದಳು: ಈಗ ಪೂರ್ತಿ ದಿನ ದುಡಿಯಬಹುದು, ಸಂಜೆ ಯಾವುದಾದರೂ ವೃದ್ಧಾಶ್ರಮದಲ್ಲಿ ಇನ್ನೊಂದು ಕೆಲಸ ಹಿಡಿಯಬಹುದು, ಆರು ತಿಂಗಳ ಸಂಬಳದ ಚೀಟಿ ಸೇರಿಸಿ ಮತ್ತೆ ಅರ್ಜಿ, ಮತ್ತೆ ಕಾಯುವುದು. ಹೇಳುತ್ತಾ ಹೇಳುತ್ತಾ ತನ್ನ ದನಿ ತನಗೇ ಶಾಲೆಯ ಊಟದ ಪಟ್ಟಿ ಓದಿದಂತೆ ಕೇಳಿಸಿತು. ನಿಲ್ಲಿಸಿದಳು.

"ನಿಜ ಹೇಳು. ನಿಂಗೆ ಇನ್ನೂ ಬರೋ ಆಸೆ ಇದ್ಯಾ?"

ಅವನು ತಕ್ಷಣ ಇದೆ ಎನ್ನುತ್ತಾನೆ ಎಂದು ಕಾದಳು. ಅವನು ನಿಜವನ್ನೇನೋ ಮುಚ್ಚಿಟ್ಟಿದ್ದ, ಆದರೆ ಹುಸಿ ನುಡಿದವನಲ್ಲ.

"ಬರಬೇಕು ಎಂಬುದಿದೆ," ಎಂದ. "ಆಸೆ ಇತ್ತು ಎಂಬುದು ನೆನಪಿದೆ. ರಾತ್ರಿ ಆ ಅಡುಗೆಮನೆಯನ್ನು ನೆನೆಯಲು ಪ್ರಯತ್ನಿಸುತ್ತೇನೆ. ಆಪಾ ಇಲ್ಲದ ಅಡುಗೆಮನೆ ನನಗೆ ಗೊತ್ತಿಲ್ಲ. ನಿನ್ನನ್ನು ನೋಡಿದರೆ ನಾಚಿಕೆಯಾಗುತ್ತದೆ ಐಲೀನ್. ನನಗಾಗಿ ಒಬ್ಬ ಮುದುಕಿ ಉಸಿರು ಬಿಗಿ ಹಿಡಿದು ಕೂತಿದ್ದಳು. ಇನ್ನು ನೀನು ಎರಡೆರಡು ಕಡೆ ದುಡಿದು ಸವೆಯುವುದನ್ನು ಪರದೆಯಲ್ಲಿ ನೋಡಬೇಕು."

ಐಲೀನ್ ತೀರ್ಪಿನ ಕಾಗದವನ್ನು ಮಡಿಸಿ ದಿಂಬಿನ ಕೆಳಗಿಟ್ಟಳು.

"ನಂಗೂ ಅಷ್ಟೇ ಅನ್ಸುತ್ತೆ," ಅಂದಳು. ಹೇಳಿದ ಮೇಲೇ ಅದು ನಿಜವೆಂದು ಅವಳಿಗೆ ತಿಳಿಯಿತು. "ಸುಸ್ತಾಗಿದೆ ಕುಬಾತ್."

ಆಮೇಲೂ ಆರು ವಾರ ಅವರು ಮಾತಾಡಿದರು. ಜಗಳವಿಲ್ಲ, ದೂರಿಲ್ಲ. ಒಬ್ಬರನ್ನೊಬ್ಬರು ಕಾಯಿಸುವುದನ್ನು ನಿಲ್ಲಿಸೋಣ ಎಂದದ್ದು ಕೊನೆಗೆ ಐಲೀನಳೇ. ಅವನು ತಮ್ಮ ದೇಶದ ದಾಖಲೆ ಕಚೇರಿಗೆ ಇಬ್ಬರ ವಿಚ್ಛೇದನದ ಅರ್ಜಿ ಹಾಕಿದ. ಅಕ್ಟೋಬರಿನ ಶಾಲಾ ರಜೆಯಲ್ಲಿ ಅವಳು ಅವನ ದೇಶದ ರಾಜಧಾನಿ ಬಿಷ್ಕೆಕ್‌ಗೆ ಹೋದಳು, ಅವನು ಸೈಬೀರಿಯದಿಂದ ಎರಡು ದಿನ ರೈಲಿನಲ್ಲಿ ಬಂದ. ನಿಲ್ದಾಣದಲ್ಲಿ ಅವನನ್ನು ಕಂಡಾಗ ಅವಳಿಗೆ ಗುರುತೇ ಹತ್ತಲಿಲ್ಲ. ಅಷ್ಟು ಬಡಕಲಾಗಿದ್ದ, ಒಂದು ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಅವನು ಅವಳನ್ನು ತಬ್ಬಿಕೊಂಡಾಗ ಸಿಮೆಂಟಿನ ವಾಸನೆ ಬಂತು. ಎರಡು ವರ್ಷದಲ್ಲಿ ಅವರು ಮುಟ್ಟಿಕೊಂಡದ್ದು ಇದು ಎರಡನೆಯ ಸಲ.

ಬಾಡಿಗೆ ಕೋಣೆಯಲ್ಲಿ ನಾಲ್ಕು ದಿನ ಗಂಡ ಹೆಂಡಿರಾಗಿಯೇ ಇದ್ದರು. ಐದನೆಯ ಬೆಳಿಗ್ಗೆ ದಾಖಲೆ ಕಚೇರಿಗೆ ಹೋದರು. ಬೆಂಚಿನ ಮೇಲೆ ಅವರ ಮುಂದಿದ್ದ ಜೋಡಿ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತಿತ್ತು. ಇವರ ಸರದಿ ಬಂದಾಗ ಮೇಜಿನ ಹಿಂದಿನ ದಪ್ಪ ಹೆಂಗಸು ಕಾಗದಗಳನ್ನು ನೋಡಿದಳು, ತಲೆಯೆತ್ತಿ ಇವರನ್ನು ನೋಡಿದಳು, ಇಬ್ಬರೂ ಹಿಡಿದುಕೊಂಡಿದ್ದ ಕೈಗಳನ್ನು ನೋಡಿದಳು. ಕುಬಾತನಿಗೆ ಏನೋ ಕೇಳಿದಳು. ಅವನು ಒಂದೇ ಮಾತಿನಲ್ಲಿ ಉತ್ತರಿಸಿದ.

"ಏನಂದ್ಲು?"

"ಜಗಳವಾಗಿದೆಯೇ ಎಂದು ಕೇಳಿದಳು. ಇಲ್ಲ ಎಂದೆ."

ಹೆಂಗಸು ಮತ್ತೆ ಕೇಳಿದಳು, ಹಾಗಾದರೆ ಯಾಕೆ ಎಂದಿರಬೇಕು. ಈ ಸಲ ಕುಬಾತ್ ತಲೆ ತಗ್ಗಿಸಿ ಕಾಗದಗಳನ್ನು ಅವಳತ್ತ ಸರಿಸಿದ. ಅವಳು ಸ್ವಲ್ಪ ಕಾದು, ನಿಟ್ಟುಸಿರು ಬಿಟ್ಟು, ಎರಡು ಕಡೆ ಮುದ್ರೆ ಒತ್ತಿದಳು. ಸಹಿ ಮಾಡಲು ಐಲೀನ್ ಬಲಗೈಯನ್ನು ಬಿಡಿಸಿಕೊಳ್ಳಬೇಕಾಯಿತು.

ಹೊರಗೆ ಬಂದಾಗ ಹನ್ನೊಂದೂ ಆಗಿರಲಿಲ್ಲ. ಅವಳ ವಿಮಾನ ಮರುದಿನ ಬೆಳಗ್ಗೆ, ಅವನ ರೈಲೂ ಮರುದಿನವೇ, ಮಧ್ಯಾಹ್ನ. ಓಕ್ ಮರಗಳ ಸಾಲಿನ ಕೆಳಗೆ ಇಬ್ಬರೂ ನಿಂತರು. ಇನ್ನೂ ಪೂರ್ತಿ ಒಂದು ದಿನ ಕೈಯಲ್ಲಿತ್ತು. ಅದನ್ನು ಏನು ಮಾಡುವುದೆಂದು ಯಾರಿಗೂ ಹೊಳೆಯಲಿಲ್ಲ.

"ನಿನಗೆ ಹಸಿವಾಗಿದೆಯೇ?" ಎಂದು ಕುಬಾತ್ ಕೇಳಿದ.

"ಹೂಂ," ಅಂದಳು ಐಲೀನ್. ಇಬ್ಬರೂ ಊಟದ ಜಾಗ ಹುಡುಕಿಕೊಂಡು ನಡೆದರು.